ಖಾರ ಪಕ್ಕದಲ್ಲಿರಲಿ

ಖಾರ ತಿನ್ನೋದು ಈಗೀಗ ಊಟವಾಗಿ ಉಳಿದಿಲ್ಲ, ಪಂದ್ಯ ಆಗಿಬಿಟ್ಟಿದೆ. ಮೊಬೈಲ್ ತೆಗೆದರೆ ಸಾಕು, ಯಾರೋ ಒಬ್ಬ ಕೆಂಪಗೆ ಹೊಳೆಯುವ ನೂಡಲ್ಸ್ ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಿರುತ್ತಾನೆ, ಸುತ್ತ ಕೂತವರು ಚಪ್ಪಾಳೆ ಹೊಡೆಯುತ್ತಿರುತ್ತಾರೆ. ಕೊರಿಯಾದ ಬುಲ್ಡಾಕ್ ನೂಡಲ್ಸ್ ಮಾರುಕಟ್ಟೆಗೆ ಬಂದಿದ್ದು 2012ರಲ್ಲಿ. 2024ರ ಜೂನ್‌ನಲ್ಲಿ ಡೆನ್ಮಾರ್ಕ್‌ನ ಆಹಾರ ಇಲಾಖೆ ಅದರ ಮೂರು ಬಗೆಗಳನ್ನು ಖಾರ ವಿಪರೀತ ಅಂತ ಅಂಗಡಿಗಳಿಂದ ವಾಪಸ್ ತೆಗೆಸಿತು. ಮುಂದಿನ ತಿಂಗಳೇ ಎರಡಕ್ಕೆ ಮಾಫಿಯೂ ಸಿಕ್ಕಿತು. ಅಷ್ಟರಲ್ಲಿ ಜಗತ್ತಿನ ಪಡ್ಡೆ ಹುಡುಗರೆಲ್ಲ ಅದನ್ನು ಹುಡುಕಿಕೊಂಡು ಹೊರಟಿದ್ದರು.

ನನಗೆ ನೂಡಲ್ಸ್ ಮೇಲೆ ಸಿಟ್ಟಿಲ್ಲ. ಅದೇ ಬುದ್ಧಿ ನಮ್ಮ ಅಡುಗೆಮನೆಗೂ ಬಂದಿದೆಯಲ್ಲ, ತಕರಾರು ಅದರ ಮೇಲೆ. ‘ಖಾರವಾಗಿ ಏನಾದ್ರೂ ಮಾಡೋಣ’ ಅಂದರೆ ಒಂದು ಬಾಣಲೆಯಲ್ಲಿ ಎಣ್ಣೆ ತೇಲಿಸಿ, ಎರಡು ಚಮಚ ಮೆಣಸಿನಪುಡಿ ಸುರಿದು, ಮೇಲೆ ಒಂದಿಷ್ಟು ಕ್ರೀಮು ಹಾಕಿ ಹೋಟೆಲ್ ಗ್ರೇವಿ ಮಾಡೋದು ಅಂತಾಗಿದೆ. ತಾತನಿಗೆ ಎದೆಯುರಿ, ಮಗುವಿಗೆ ಬಾಯುರಿ, ದೊಡ್ಡ ಮಗನಿಗೆ ‘ಇದರಲ್ಲಿ ಖಾರಾನೇ ಇಲ್ಲ’. ಮೂರೂ ಮಾತು ಕೇಳಬೇಕಾದವರು ಒಲೆ ಮುಂದೆ ನಿಂತವರು.

ನಮ್ಮ ಮಂಡ್ಯದ ಕಡೆ ಇದಕ್ಕೆ ಯಾವತ್ತೋ ಪರಿಹಾರ ಕಂಡುಕೊಂಡಿದ್ದಾರೆ. ಖಾರ ಪಾತ್ರೆಯೊಳಗೆ ಬೇಡ, ತಟ್ಟೆಯ ಪಕ್ಕದಲ್ಲಿರಲಿ. ಉಪ್ಪುಸಾರು ಅಂದರೆ ಅಷ್ಟೇ. ಸಾರಿನಲ್ಲಿ ಉಪ್ಪು ಬಿಟ್ಟರೆ ಇನ್ನೇನೂ ಇಲ್ಲ, ಮುದ್ದೆಯಲ್ಲಿ ಅದೂ ಇಲ್ಲ. ಅವೆರಡಕ್ಕೂ ಜೀವ ಕೊಡೋದು ಪಕ್ಕದಲ್ಲಿ ಕೂತ ಒಂದು ಉಂಡೆ ಖಾರ. ನಮ್ಮವ್ವ ಬಡಿಸುವಾಗ ಹೇಳುತ್ತಿದ್ದದ್ದು ಒಂದೇ ಮಾತು: ‘ಖಾರ ಅಲ್ಲೈತೆ, ನಿಂಗೆಷ್ಟು ಬೇಕೋ ಅಷ್ಟು ಕಲಸ್ಕೊ ಮಗ.’ ಖಾರ ಜಾಸ್ತಿಯಾದರೆ ತಪ್ಪು ಕಲಸಿಕೊಂಡವನದು. ಅಡುಗೆ ಮಾಡಿದವಳ ಮೇಲೆ ದೂರು ಹೇಳುವ ಹಾಗೇ ಇಲ್ಲ. ಇದಕ್ಕಿಂತ ನ್ಯಾಯವಾದ ಊಟ ನನಗೆ ಗೊತ್ತಿಲ್ಲ.

ಮಾಡೋದು ಕಷ್ಟವಲ್ಲ, ಆದರೆ ಅವಸರಪಟ್ಟರೆ ಕೆಡುತ್ತದೆ. ನಾಲ್ಕು ಜನಕ್ಕೆ ಒಂದು ಲೋಟ ನೆನೆಸಿದ ಅಲಸಂದೆ ಕಾಳು, ಇಲ್ಲವೇ ಅರ್ಧ ಲೋಟ ತೊಗರಿಬೇಳೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಸಿಕ್ಕರೆ ಬೇರೆ ಯೋಚನೆಯೇ ಬೇಡ. ನೀರು ಧಾರಾಳವಾಗಿ ಇಟ್ಟು ಕಾಳು ಬೇಯಿಸಿ. ಬೇಯಬೇಕು, ನುಣ್ಣಗಾಗಬಾರದು. ಕುಕ್ಕರಿನಲ್ಲಿ ಕೂಗಿಸಿ ಗಂಜಿ ಮಾಡಿಟ್ಟರೆ ಬಸಿಯೋದಕ್ಕೆ ಏನೂ ಉಳಿಯೋದಿಲ್ಲ. ಕಾಳು ಬೆಂದ ಮೇಲೆ ಒಂದು ದೊಡ್ಡ ಕಟ್ಟು ಸೊಪ್ಪು: ದಂಟು, ಕೀರೆ, ಒಂದು ಹಿಡಿ ಸಬ್ಬಸಿಗೆ, ಹಳ್ಳಿಯಲ್ಲಿದ್ದರೆ ಹೊಲದ ಬೆರಕೆ ಸೊಪ್ಪು. ಉಪ್ಪು ಹಾಕಿ ಐದಾರು ನಿಮಿಷ. ಸೊಪ್ಪು ಹಸಿರಾಗಿರುವಾಗಲೇ ಇಳಿಸಿ ಬಸಿಯಿರಿ. ಕೆಳಗೆ ಬಿದ್ದ ನೀರು, ಅಂದರೆ ಕಟ್ಟು, ಅದೇ ಸಾರು. ಮೇಲೆ ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ.

ಇನ್ನು ಖಾರ. ಏಳೆಂಟು ಬ್ಯಾಡಗಿ, ಎರಡು ಮೂರು ಗುಂಟೂರು, ಎರಡೇ ಹನಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಿರಿ. ಮೆಣಸಿನಕಾಯಿ ಉಬ್ಬಿ, ಬಣ್ಣ ಒಂದು ಪಾಲು ಗಾಢವಾಗಿ, ಕೆಮ್ಮು ಬರುವ ಒಂದು ಕ್ಷಣ ಮುಂಚೆ ಇಳಿಸಬೇಕು. ಅದೇ ಬಿಸಿಯಲ್ಲಿ ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು. ಸಿಪ್ಪೆ ಪೂರ್ತಿ ತೆಗೆಯದ ನಾಟಿ ಬೆಳ್ಳುಳ್ಳಿ ಹತ್ತು ಎಸಳು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಉಪ್ಪು, ನಾಲ್ಕು ಕಡ್ಡಿ ಕೊತ್ತಂಬರಿ. ರುಬ್ಬುವಾಗ ನೀರು ಹಾಕಬೇಡಿ, ಬಸಿದ ಕಟ್ಟನ್ನೇ ಒಂದೆರಡು ಚಮಚ ಹಾಕಿ, ಜೊತೆಗೆ ಬೆಂದ ಕಾಳು ಒಂದು ಹಿಡಿ. ಆ ಕಾಳಿನಿಂದಲೇ ಖಾರಕ್ಕೆ ಮೈ ಬರೋದು. ಒರಳುಕಲ್ಲೇ ಬೇಕು ಅಂತ ಹಟ ಹಿಡಿಯುವವನಲ್ಲ ನಾನು. ಮಿಕ್ಸಿಯ ಸಣ್ಣ ಜಾರಿನಲ್ಲಿ ತಡೆದು ತಡೆದು ತಿರುಗಿಸಿದರೆ ಸಾಕು. ಬೆಳ್ಳುಳ್ಳಿಯ ಚೂರು ಅಲ್ಲಲ್ಲಿ ಹಲ್ಲಿಗೆ ಸಿಗಬೇಕು ಅಷ್ಟೇ. ಹಸಿಮೆಣಸಿನಕಾಯಿ ಸುಟ್ಟು ಮಾಡುವವರೂ ಇದ್ದಾರೆ. ಅದರ ರುಚಿಯೇ ಬೇರೆ. ಬಸ್ಸಾರಿಗೆ, ಉಪ್ಪುಸಾರಿನ ಖಾರಕ್ಕೆ ಬೆಲ್ಲ ಹಾಕುವವರೂ ಇದ್ದಾರೆ. ಅವರ ಜೊತೆ ನಾನು ಜಗಳಕ್ಕೆ ಹೋಗೋದಿಲ್ಲ, ಊಟಕ್ಕೂ ಹೋಗೋದಿಲ್ಲ.

ತಟ್ಟೆಯಲ್ಲಿ ಬಿಸಿ ಮುದ್ದೆ, ಸುತ್ತ ಹಬೆಯಾಡುವ ತಿಳಿಸಾರು, ಅಂಚಿನಲ್ಲಿ ಖಾರ. ಬೆರಳಿನಿಂದ ಒಂಚೂರು ಖಾರವನ್ನು ಸಾರಿಗೆ ಕದಡಿ, ಮುದ್ದೆ ಮುರಿದು ಅದರಲ್ಲಿ ಹೊರಳಿಸಿ ನುಂಗಬೇಕು. ಮೊದಲ ತುತ್ತಿಗೆ ಏನೂ ಅನ್ನಿಸೋದಿಲ್ಲ. ಮೂರನೆಯದಕ್ಕೆ ಕಿವಿ ಬೆಚ್ಚಗಾಗುತ್ತದೆ. ಖಾರ ಏರಿತು ಅನ್ನಿಸಿದರೆ ಬರೀ ಸಾರು ಹಾಕಿಕೊಳ್ಳಿ, ಇಳಿಯಿತು ಅನ್ನಿಸಿದರೆ ಇನ್ನೊಂಚೂರು ಕದಡಿ. ಊಟದುದ್ದಕ್ಕೂ ಖಾರದ ಲಗಾಮು ನಿಮ್ಮ ಕೈಯಲ್ಲೇ ಇರುತ್ತದೆ. ಕ್ರೀಮು ಹಾಕಿದ ಗ್ರೇವಿಯಲ್ಲಿ ಈ ಸುಖ ಎಲ್ಲಿದೆ?

ಬ್ಯಾಡಗಿ ಯಾಕೆ, ಗುಂಟೂರು ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಹಾವೇರಿ ಜಿಲ್ಲೆಯ ಬ್ಯಾಡಗಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ಅದರ ಖಾರಕ್ಕಲ್ಲ. ಮೈಯೆಲ್ಲ ಸುಕ್ಕುಗಟ್ಟಿದ ಆ ಕಾಯಿಯ ಹೆಗ್ಗಳಿಕೆ ಬಣ್ಣ ಮತ್ತು ಪರಿಮಳ. ಅದರಿಂದ ತೆಗೆದ ಬಣ್ಣದೆಣ್ಣೆ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಖಾರ ಬೇಕಾದರೆ ಗುಂಟೂರಿನ ಸಹಾಯ ಬೇಕೇಬೇಕು. ಬರೀ ಗುಂಟೂರು ಹಾಕಿದರೆ ನಾಲಿಗೆ ಉರಿಯುತ್ತದೆ, ರುಚಿ ಹತ್ತೋದಿಲ್ಲ. ಇನ್ನು ‘ಬೀಜ ತೆಗೆದರೆ ಖಾರ ಹೋಗುತ್ತೆ’ ಅನ್ನೋದು ಅರ್ಧ ಸತ್ಯ. ಖಾರ ಇರೋದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ನಾರಿನಲ್ಲಿ. ಬೀಜದ ಜೊತೆ ಅದನ್ನೂ ಕಿತ್ತರೆ ಮಾತ್ರ ಕಡಿಮೆಯಾಗುತ್ತದೆ.

ಈ ಪಕ್ಕದ ಖಾರ ನಮ್ಮೊಬ್ಬರ ಸೊತ್ತು ಅಂತ ಬಹಳ ಕಾಲ ಬೀಗುತ್ತಿದ್ದೆ. ಧಾರವಾಡದ ಗೆಳೆಯನ ಮನೆಯಲ್ಲಿ ಉಂಡ ಮೇಲೆ ಸುಮ್ಮನಾದೆ. ಸಂಕ್ರಾಂತಿ ಕಳೆದು ಹಣ್ಣು ಮೆಣಸಿನಕಾಯಿ ಸಂತೆಗೆ ಬರುವ ಹೊತ್ತು. ಅದನ್ನು ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ಉಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯ, ಜೀರಿಗೆ, ನಿಂಬೆರಸ ಸೇರಿಸಿ ಅರೆದು ಭರಣಿಗೆ ತುಂಬಿದರೆ ರಂಜಕ. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ರಂಜಕ, ಅದರ ನೆತ್ತಿಯ ಮೇಲೆ ಒಂದು ಮುದ್ದೆ ಬೆಣ್ಣೆ. ನಾನು ಬೆಣ್ಣೆಯನ್ನು ಬೇರೆ, ಖಾರವನ್ನು ಬೇರೆ ತಿನ್ನುತ್ತಿದ್ದದ್ದು ನೋಡಿ ಅವನ ತಾಯಿ, ‘ಹಂಗಲ್ಲೋ ತಮ್ಮಾ, ಬೆಣ್ಣಿ ಕೂಡ ಕಲಸ್ಕೊಂಡು ಹಚ್ಕೊ’ ಅಂದರು. ಹಾಗೆ ಮಾಡಿದಾಗ ಅದೇ ಖಾರ ಹದಕ್ಕೆ ಬಂತು.

ಅವರು ಹೇಳಿದ್ದರಲ್ಲಿ ವಿಜ್ಞಾನವೂ ಇದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗೋದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಬಾಯುರಿ ಅಂತ ನೀರು ಕುಡಿದರೆ ಖಾರ ಬಾಯೆಲ್ಲ ಹರಡುತ್ತದೆ, ಅಷ್ಟೇ ಲಾಭ. ಬೆಣ್ಣೆ, ತುಪ್ಪ, ಮೊಸರು, ಹಾಲು ಅದನ್ನು ಎಳೆದುಕೊಳ್ಳುತ್ತವೆ. 2021ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ ನೊಬೆಲ್ ಬಂದಿದ್ದರ ಹಿಂದೆಯೂ ಮೆಣಸಿನಕಾಯಿಯೇ ಇತ್ತು. ನಾಲಿಗೆಯ ನರಗಳಲ್ಲಿ ಖಾರಕ್ಕೆ ಸ್ಪಂದಿಸುವ ಗ್ರಾಹಕವೂ (ರಿಸೆಪ್ಟರ್) ಬಿಸಿಗೆ ಸ್ಪಂದಿಸುವ ಗ್ರಾಹಕವೂ ಒಂದೇ ಅಂತ ತೋರಿಸಿದವರು ಅವರು. ಕುದಿಯುವ ಸಾರಿನಲ್ಲಿ ಕದಡಿದಾಗ ಹತ್ತುವ ಖಾರ ಆರಿದ ಸಾರಿನಲ್ಲಿ ಯಾಕೆ ಅಷ್ಟು ಹತ್ತೋದಿಲ್ಲ ಅನ್ನೋದಕ್ಕೆ ಉತ್ತರ ಅಲ್ಲಿದೆ. ಹಾಗಾಗಿ ಉಪ್ಪುಸಾರನ್ನು ಆರಿಸಿ ತಿನ್ನುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ.

ಅದೇ ಮನೆಯಲ್ಲಿ ಮುಟಗಿ ಅನ್ನೋದನ್ನೂ ತಿಂದೆ. ನಮ್ಮ ಬೆಂಗಳೂರಿನ ಖಾನಾವಳಿಗಳಲ್ಲಿ ಇದು ಸುಲಭಕ್ಕೆ ಸಿಗೋದಿಲ್ಲ, ಸಿಗಬೇಕಾಗಿಯೂ ಇಲ್ಲ. ಯಾಕೆಂದರೆ ಹಂಚಿನಿಂದ ಇಳಿದ ಎರಡು ನಿಮಿಷದೊಳಗೆ ಬಾಯಿಗೆ ಹೋಗಬೇಕಾದ ತಿಂಡಿ ಇದು. ಜೋಳದ ರೊಟ್ಟಿಯನ್ನು ಸ್ವಲ್ಪ ದಪ್ಪಗೆ ತಟ್ಟಿ ಬೇಯಿಸಿ, ಬಿಸಿಬಿಸಿಯಾಗಿಯೇ ಮುರಿದು, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಒಣಮೆಣಸಿನಕಾಯಿ ಜಜ್ಜಿಟ್ಟ ಒರಳಿಗೆ ಹಾಕಿ ಕುಟ್ಟುತ್ತಾರೆ. ರೊಟ್ಟಿಯೆಲ್ಲ ಕೆಂಪಾಗುತ್ತಿದ್ದ ಹಾಗೆ ತುಪ್ಪ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿ ಕೈಗಿಡುತ್ತಾರೆ. ಇಲ್ಲಿ ಖಾರ ಪಕ್ಕದಲ್ಲಿಲ್ಲ ನಿಜ. ಆದರೆ ಪ್ರತಿಯೊಬ್ಬರ ಉಂಡೆಯೂ ಬೇರೆ ಬೇರೆ ಕುಟ್ಟಿದ್ದು. ಮಕ್ಕಳದಕ್ಕೆ ಬರೀ ತುಪ್ಪ, ಉಪ್ಪು, ಒಂದು ಎಸಳು ಬೆಳ್ಳುಳ್ಳಿ. ನನ್ನ ಉಂಡೆಗೆ ಎಷ್ಟು ಮೆಣಸಿನಕಾಯಿ ಅಂತ ಕೇಳಿಯೇ ಹಾಕಿದರು.

ಕರಾವಳಿಗೆ ಇಳಿದರೂ ಲೆಕ್ಕ ಅದೇ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಬಿಟ್ಟರೆ ಬೇರೆ ರುಚಿ ಇಲ್ಲ. ಪಕ್ಕದಲ್ಲಿ ಒಣಸಿಗಡಿ ಚಟ್ನಿ ಇದ್ದರೆ ಎರಡು ಬಟ್ಟಲು ಹೋದದ್ದೇ ಗೊತ್ತಾಗೋದಿಲ್ಲ. ಸಿಗಡಿಯನ್ನು ಗರಿಗರಿಯಾಗಿ ಹುರಿದು, ಕಾಯಿತುರಿ, ಸುಟ್ಟ ಒಣಮೆಣಸು, ಹುಣಸೆ, ಬೆಳ್ಳುಳ್ಳಿ ಜೊತೆ ತರಿತರಿಯಾಗಿ ಅರೆಯೋದು. ಅಪಾರ್ಟ್‌ಮೆಂಟಿನಲ್ಲಿರುವವರು ಕಿಟಕಿ ಹಾಕಿಕೊಂಡು ಹುರಿಯಿರಿ, ಇಲ್ಲದಿದ್ದರೆ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಫ್ಲಾಟ್ ನಂಬರು ಬರುತ್ತದೆ. ಸಸ್ಯಾಹಾರಿಗಳಿಗೆ ಮಿಡಿ ಉಪ್ಪಿನಕಾಯಿಯೇ ದೇವರು. ಗಂಜಿಗೆ ಅದರ ರಸ ನಾಲ್ಕು ಹನಿ ಬಿಟ್ಟರೂ ಸಾಕು.

ಎಲ್ಲದಕ್ಕೂ ಇದೇ ಸೂತ್ರ ಅಂತ ನಾನು ಹೇಳುತ್ತಿಲ್ಲ. ನಾಟಿಕೋಳಿ ಸಾರಿಗೆ ಮಸಾಲೆ ಪಕ್ಕದಲ್ಲಿಟ್ಟರೆ ಅದು ಕೋಳಿ ಬೇಯಿಸಿದ ನೀರು. ಕೊಡಗಿನ ಪಂದಿಕರಿಗೆ ಕಾಳುಮೆಣಸು ಮಾಂಸದ ಜೊತೆಯಲ್ಲೇ ಬೇಯಬೇಕು, ಹುಳಿಗೆ ಹಾಕುವ ಕಾಚಂಪುಳಿಯೂ ಪಾತ್ರೆಯೊಳಗೇ ಸೇರಬೇಕು. ಆದರೆ ಗಮನಿಸಿ, ಅಲ್ಲೂ ಜೊತೆಗೆ ಬರೋದು ಸಪ್ಪೆ ಅಕ್ಕಿ ಕಡುಬು, ಕಡಂಬುಟ್ಟು. ಕುಂದಾಪುರದ ಘೀ ರೋಸ್ಟ್ ನನಗೂ ಪ್ರಾಣ. ಆದರೆ ಕೆಲಸ ಮುಗಿಸಿ ಸುಸ್ತಾಗಿ ಬಂದ ಮಂಗಳವಾರ ಸಂಜೆಗೆ ಅದಲ್ಲ. ಅಂಥ ಸಂಜೆಗೆ, ನೆಗಡಿ ಹಿಡಿದ ಮೂಗಿಗೆ, ಮಳೆಯಲ್ಲಿ ನೆಂದ ತಲೆಗೆ ಮೆಣಸಿನ ಸಾರು ಇದೆ.

ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಮೆಣಸಿನಕಾಯಿ ತರುವ ಮುಂಚೆ ಈ ನಾಡಿನ ಖಾರ ಹೆಚ್ಚಾಗಿ ಕಾಳುಮೆಣಸಿನದ್ದೇ. ಮೆಣಸಿನ ಸಾರು ಆ ಕಾಲದ ಗುರುತು ಇಟ್ಟುಕೊಂಡಿದೆ ಅನ್ನಿಸುತ್ತದೆ ನನಗೆ. ಒಂದೂವರೆ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಆರೇಳು ಬೆಳ್ಳುಳ್ಳಿ ಕುಟ್ಟಿ. ಡಬ್ಬಿಯಲ್ಲಿ ಬರುವ ಕಾಳುಮೆಣಸಿನ ಪುಡಿ ಬೇಡ, ಅದರಲ್ಲಿ ಘಾಟು ಸತ್ತಿರುತ್ತದೆ. ತುಪ್ಪದಲ್ಲಿ ಸಾಸಿವೆ, ಕರಿಬೇವು ಸಿಡಿಸಿ, ಕುಟ್ಟಿದ್ದನ್ನು ಅರ್ಧ ನಿಮಿಷ ಬಾಡಿಸಿ, ಹುಣಸೆ ನೀರು ಮೂರು ಲೋಟ, ಉಪ್ಪು, ಚಿಟಿಕೆ ಅರಿಸಿನ. ಹುಣಸೆಯ ಹಸಿ ವಾಸನೆ ಹೋಗಿ ನೊರೆ ಏಳುತ್ತಿದ್ದ ಹಾಗೆ ಇಳಿಸಿ. ಹೆಚ್ಚು ಕುದಿಸಿದರೆ ಪರಿಮಳವೆಲ್ಲ ಅಡುಗೆಮನೆಗೆ, ಕಹಿ ನಿಮಗೆ. ಮೆತ್ತಗಿನ ಅನ್ನ, ಮೇಲೆ ತುಪ್ಪ, ಸುಟ್ಟ ಹಪ್ಪಳ. ಬಾಣಂತಿಗೂ ಜ್ವರ ಬಂದವರಿಗೂ ಮೆಣಸಿನ ಸಾರು ಕೊಡುವ ಮನೆಗಳಲ್ಲಿ ಗಟ್ಟಿಮುಟ್ಟಾದವರೂ ಕದ್ದು ಕುಡಿಯೋದನ್ನು ನೋಡಿದ್ದೇನೆ.

ಹೊಸದಾಗಿ ಅಡುಗೆ ಶುರು ಮಾಡಿದ ಹುಡುಗ ಹುಡುಗಿಯರು ‘ಖಾರವಾದ ರೆಸಿಪಿ ಹೇಳಿ’ ಅಂತ ಕೇಳಿದರೆ ನಾನು ಹೇಳೋದು ಇದನ್ನೇ: ಮೊದಲು ಸಪ್ಪೆಯಾದದ್ದನ್ನು ಚೆನ್ನಾಗಿ ಮಾಡೋದು ಕಲಿಯಿರಿ. ಗಂಟಿಲ್ಲದ ಮುದ್ದೆ, ಉಬ್ಬುವ ರೊಟ್ಟಿ, ಹದವಾಗಿ ಬೆಂದ ಗಂಜಿ. ಮುದ್ದೆ ಬಾರದವರು ಅನ್ನಕ್ಕೇ ಉಪ್ಪುಸಾರು ಹಾಕಿಕೊಳ್ಳಿ, ಯಾರೂ ಕೇಸು ಹಾಕೋದಿಲ್ಲ. ಖಾರವನ್ನು ರಜೆಯ ದಿನ ಒಂದು ಸಲ ರುಬ್ಬಿಟ್ಟುಕೊಳ್ಳಿ. ಕಾಳು ಹಾಕಿ ರುಬ್ಬಿದ ಖಾರ ಫ್ರಿಜ್ಜಿನಲ್ಲೂ ಎರಡು ದಿನದ ಮೇಲೆ ಹಳಸುತ್ತದೆ. ಕಾಳು ಹಾಕದೆ, ಕಟ್ಟೂ ಹಾಕದೆ ಗಟ್ಟಿಯಾಗಿ ರುಬ್ಬಿಟ್ಟರೆ ಇನ್ನೂ ನಾಲ್ಕಾರು ದಿನ ಬರುತ್ತದೆ, ಬೇಕಾದಾಗ ಅಷ್ಟಷ್ಟಕ್ಕೆ ಕಾಳು ಮಸೆದು ಸೇರಿಸಿಕೊಳ್ಳಬಹುದು. ಬೆಳಿಗ್ಗೆ ಅಕ್ಕಿರೊಟ್ಟಿಗೆ, ಮಧ್ಯಾಹ್ನ ಮೊಸರನ್ನದ ಅಂಚಿಗೆ, ರಾತ್ರಿ ಬಿಸಿ ಅನ್ನ ತುಪ್ಪಕ್ಕೆ ಅದೇ ಆಗುತ್ತದೆ.

ವಿಜಯಪುರ, ಕಲಬುರಗಿ ಕಡೆಯ ಖಾರಬ್ಯಾಳಿ ಬಗ್ಗೆ ಬರೆದಿಲ್ಲ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಯಂಥ ಚಟ್ನಿಪುಡಿಗಳು ಬಿಟ್ಟುಹೋದವು, ಮಲೆನಾಡಿನ ಸೂಜಿಮೆಣಸಿನ ಗೊಜ್ಜುಗಳ ಹತ್ತಿರವೂ ಹೋಗಲಿಲ್ಲ. ಗೊತ್ತಿರುವವರು ಕೆಳಗೆ ಅಳತೆ ಸಮೇತ ಬರೆಯಿರಿ. ‘ರುಚಿಗೆ ತಕ್ಕಷ್ಟು’ ಅಂತ ಮಾತ್ರ ಬರೆಯಬೇಡಿ.