ಏಳನೆಯ ತಲೆಮಾರಿನ ಪಾಪ

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಸುರಕ್ಷತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ಗೊತ್ತಾಗದೆ ಉಳಿಯಲು ಕಂಪನಿ ಬಿಟ್ಟಿಲ್ಲ. ತೊಗರಿಯ ದರ ನೋಡಲು ಕಂಪ್ಯೂಟರ್ ಹಚ್ಚಿದವರಿಗೂ ಮಗಳ ಅಂಕಪಟ್ಟಿಯ ಪ್ರಿಂಟ್ ತೆಗೆಯಲು ಕುಳಿತವರಿಗೂ ಪರದೆಯ ತುಂಬ ಅದೇ ಸಮಾಚಾರ. ಹೊಸ ಆವೃತ್ತಿಯಾದ ವಿಂಡೋಸ್ 11ಕ್ಕೆ ಹೋಗಬೇಕೋ ಹಳೆಯದರಲ್ಲೇ ಇರಬೇಕೋ ಎಂಬ ನಿರ್ಧಾರವನ್ನು ನಮ್ಮ ವಿವೇಕಕ್ಕೇ ಬಿಟ್ಟುಕೊಟ್ಟ ಕಂಪನಿಯ ದೊಡ್ಡ ಮನಸ್ಸಿಗೆ ಕಲಬುರಗಿಯ ನಾಗರಿಕರ ಪರವಾಗಿ ಕೈಮುಗಿದು ಮುಂದುವರಿಯುತ್ತೇನೆ.

ಈ ಔದಾರ್ಯ ಹೊಸತೇನಲ್ಲ. ಇದೇ ವಿಂಡೋಸ್ 10ನ್ನು ಪುಕ್ಕಟೆ ಹಂಚುತ್ತಿದ್ದ 2016ರಲ್ಲಿ, ಸೂಚನೆಯ ಮೂಲೆಯಲ್ಲಿದ್ದ ಕೆಂಪು ‘X’ ಗುರುತನ್ನು ಒತ್ತಿ ಅದನ್ನು ಮುಚ್ಚಿದವರನ್ನೂ ಒಪ್ಪಿಗೆ ಕೊಟ್ಟವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು, ತಾವು ಕೇಳದೆಯೇ ಬಂದ ಅಪ್‌ಗ್ರೇಡ್ ತಮ್ಮ ಕಂಪ್ಯೂಟರನ್ನು ಕೆಡಿಸಿತೆಂದು ಕೋರ್ಟಿಗೆ ಹೋಗಿ 10,000 ಡಾಲರ್ ಪರಿಹಾರ ಪಡೆದರು. ಅಂದು ಒಲ್ಲೆ ಎಂದವರ ಬಾಯಿಗೂ ತುರುಕಿದವರು ಇಂದು ಬೇಕು ಎಂದು ತಟ್ಟೆ ಹಿಡಿದವರಿಗೆ ಬಡಿಸುತ್ತಿಲ್ಲ.

ವಿಂಡೋಸ್ 11ಕ್ಕೆ ಕಾಗದದ ಮೇಲೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು. ಆದರೆ ಗುಪ್ತ ಸಂಕೇತಗಳ ಕೀಲಿಗಳನ್ನು ಕಾಯುವ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು, ಯಂತ್ರ ಶುರುವಾಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಒಳಬಿಡುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಪ್ರೊಸೆಸರ್ ಆಗಿದ್ದರೆ ಅದು ಎಂಟನೆಯ ತಲೆಮಾರಿನದೋ ಅದರಿಂದೀಚಿನದೋ ಆಗಿರಬೇಕು. ಏಳನೆಯ ತಲೆಮಾರಿನ ಅನೇಕ ಯಂತ್ರಗಳಲ್ಲಿ ಟಿಪಿಎಂ 2.0 ಫರ್ಮ್‌ವೇರಿನೊಳಗೇ ನಿದ್ದೆ ಮಾಡುತ್ತಿರುತ್ತದೆ. ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗುಗಳಿರುವ ಬಯೋಸಿಗೆ ಹೋಗಿ ಅದನ್ನು ಎಬ್ಬಿಸಬಹುದು. ಎಬ್ಬಿಸಿದ ಮೇಲೆ, ಕೇಳಿದ್ದೆಲ್ಲವೂ ಇದ್ದರೂ ಪ್ರೊಸೆಸರಿನ ಹೆಸರು ಕಂಪನಿಯ ಪಟ್ಟಿಯಲ್ಲಿಲ್ಲವೆಂಬ ಉತ್ತರ ಬರುತ್ತದೆ.

ಈ ತೀರ್ಪು ಕೊಡುವುದಕ್ಕೆಂದೇ ಪಿಸಿ ಹೆಲ್ತ್ ಚೆಕ್ ಎಂಬ ತಂತ್ರಾಂಶವಿದೆ. 2021ರ ಜೂನ್‌ನಲ್ಲಿ ಮೊದಲು ಬಂದಾಗ ಅದು ಯಂತ್ರ ಅನರ್ಹವೆಂದು ಹೇಳುತ್ತಿತ್ತೇ ಹೊರತು ಏಕೆಂದು ಸರಿಯಾಗಿ ಹೇಳುತ್ತಿರಲಿಲ್ಲ; ಜನ ಬೈದ ಮೇಲೆ ಅದನ್ನು ಹಿಂದಕ್ಕೆ ಪಡೆದು, ಕಾರಣ ಹೇಳುವುದನ್ನು ಕಲಿಸಿ, ಸೆಪ್ಟೆಂಬರ್‌ನಲ್ಲಿ ಮರಳಿ ತಂದರು. ನಮ್ಮ ಕಡೆಯ ನಿವೃತ್ತ ನೌಕರರಿಗೆ ಈ ತರ್ಕ ಹೊಸದಲ್ಲ. ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡಬೇಕು. ಜೇವರ್ಗಿ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಹಿರಿಯರು ಬ್ಯಾಂಕಿನ ಕೌಂಟರಿನ ಮುಂದೆ ಏದುಸಿರು ಬಿಡುತ್ತ ನಿಂತಿರುತ್ತಾರೆ. ಆಚೆಯವರು ಆ ಏದುಸಿರನ್ನು ಕೇಳಿಸಿಕೊಳ್ಳುತ್ತಲೇ ‘ಬೆರಳ ಇಡ್ರಿ ಅಜ್ಜಾರ’ ಎನ್ನುತ್ತಾರೆ. ರಟ್ಟೆ ಮುರಿದು ದುಡಿದ ಬೆರಳಿನಲ್ಲಿ ಗೆರೆಗಳೇ ಉಳಿದಿರುವುದಿಲ್ಲ, ಯಂತ್ರ ಒಪ್ಪುವುದಿಲ್ಲ. ಇನ್ನೊಂದು ಬೆರಳು, ಮತ್ತೊಂದು ಬೆರಳು, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮೊದಲನೆಯದು. ಆದರೂ ಒಂದು ನ್ಯಾಯದ ಮಾತು ಹೇಳಬೇಕು: ಬೆರಳು ಹತ್ತದಿದ್ದರೆ ಮುಖ ತೋರಿಸಬಹುದು, ಕಾಗದದ ಮೇಲೆ ಅಧಿಕಾರಿಯ ಸಹಿ ಹಾಕಿಸಬಹುದು, ಅಂತೂ ಒಂದು ದಾರಿ ಇದೆ. ಏಳನೆಯ ತಲೆಮಾರಿನ ಪ್ರೊಸೆಸರಿಗೆ ಯಾವ ಗೆಜೆಟೆಡ್ ಅಧಿಕಾರಿಯ ಸಹಿಯೂ ನಡೆಯುವುದಿಲ್ಲ.

ಇಲ್ಲ, ತಪ್ಪು ಹೇಳಬಾರದು, ಒಬ್ಬರ ಶಿಫಾರಸು ನಡೆದಿದೆ. ಕೋರ್ ಐ7 7820ಎಚ್‌ಕ್ಯೂ ಎಂಬುದು ಏಳನೆಯ ತಲೆಮಾರಿನದೇ. ಆದರೂ ಆಯ್ದ ಕೆಲವು ಯಂತ್ರಗಳ ಮಟ್ಟಿಗೆ ಅದನ್ನು 2021ರ ಆಗಸ್ಟ್‌ನಲ್ಲಿ ಪಟ್ಟಿಗೆ ಸೇರಿಸಿಕೊಂಡರು. ಅದು ಕುಳಿತಿದ್ದುದು ಸರ್ಫೇಸ್ ಸ್ಟುಡಿಯೋ 2 ಎಂಬ ದುಬಾರಿ ಯಂತ್ರದಲ್ಲಿ, ಅದನ್ನು ತಯಾರಿಸಿ ಮಾರುತ್ತಿದ್ದವರು ಸ್ವತಃ ಮೈಕ್ರೋಸಾಫ್ಟ್‌ನವರು. ಆ ಯಂತ್ರದ ಡ್ರೈವರುಗಳು, ಅಂದರೆ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶಗಳು, ಆಧುನಿಕ ಪದ್ಧತಿಯವೆಂಬ ವಿವರಣೆಯನ್ನೂ ಕೊಟ್ಟರು. ಮನೆಯ ಕೂಸಿನ ಜಾತಕ ಸರಿಹೊಂದದಿದ್ದರೆ ಪಂಚಾಂಗವನ್ನೇ ತಿದ್ದುವುದು ದೊಡ್ಡವರ ಮನೆಯ ಪದ್ಧತಿ ಎಂದು ನಾವು ತಿಳಿದು ಸುಮ್ಮನಿರಬೇಕು.

ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ರಿಪೇರಿ ಅಂಗಡಿಗಳಲ್ಲಿ ಈಗ ಇದೇ ಮಾತು. ಅಲ್ಲಿ ಮೇಜಿನ ಮೇಲೆ ಸಿಪಿಯು ಡಬ್ಬಿಯೊಂದು ಪಕ್ಕದ ತಗಡು ಬಿಚ್ಚಿಕೊಂಡು ಮಲಗಿರುತ್ತದೆ. ಬೇಸಿಗೆಯ ಸೆಕೆಗೆಂದು ಮನೆಯವರು ಆ ತಗಡನ್ನು ತೆಗೆದಿಟ್ಟು ಟೇಬಲ್ ಫ್ಯಾನ್ ತಿರುಗಿಸಿದ್ದರ ಫಲವಾಗಿ ಒಳಗಿನ ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಧೂಳು ಮೆತ್ತಿಕೊಂಡಿರುತ್ತದೆ. ಹುಡುಗ ಬ್ರಷ್ಷಿನಿಂದ ಅದನ್ನು ಕೆದರಿ, ಬ್ಲೋವರ್ ಹಿಡಿದು, ರ‍್ಯಾಮಿನ ಪಟ್ಟಿಗೆ ರಬ್ಬರ್ ಉಜ್ಜಿ ಕೂರಿಸಿದರೆ ಯಂತ್ರ ಗುಂಯ್ ಎಂದು ಎದ್ದು ಕೂರುತ್ತದೆ. ‘ಮಷಿನ್ ಏಕದಂ ಛಲೋ ಅದ ರೀ ಸರ. ಇನ್ನಾ ಐದ್ ವರ್ಷ ಏನೂ ಆಗಂಗಿಲ್ಲ. ಆದ್ರ ಹನ್ನೊಂದ್ ಹಾಕಂಗಿಲ್ಲ, ಹೊಸಾದ್ ತಗೋರಿ’ ಎಂದು ಅಂಗಡಿಯವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹೊಸದನ್ನು ತೆಗೆದುಕೊಳ್ಳೋಣವೆಂದರೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳೆಲ್ಲ ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು 2025ರ ಕೊನೆಯಿಂದ ರ‍್ಯಾಮಿನ ದರ ಏರಿ ಕೂತಿದೆ. ಪರೀಕ್ಷೆಯನ್ನು ದಾಟಿಸಿ ಕಳ್ಳದಾರಿಯಲ್ಲಿ ಹನ್ನೊಂದನ್ನು ಹಾಕಿಕೊಡುವವರೂ ಇದ್ದಾರೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲವೆಂದು ಕಂಪನಿ ಮೊದಲೇ ಬರೆದಿಟ್ಟಿದೆ.

ಇನ್ನು ಕರುಣೆಯ ಯೋಜನೆ. ವಿಂಡೋಸ್ 10ರಲ್ಲೇ ಉಳಿದ ಮನೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುತ್ತಾರೆ: 30 ಡಾಲರ್ ಕಟ್ಟಬೇಕು, ಇಲ್ಲವೇ ಕಂಪನಿಯ ಸೇವೆಗಳನ್ನು ಬಳಸಿ ಗಳಿಸಿದ 1,000 ರಿವಾರ್ಡ್ಸ್ ಅಂಕ ಕೊಡಬೇಕು, ಅದೂ ಇಲ್ಲವೇ ಮೈಕ್ರೋಸಾಫ್ಟ್ ಖಾತೆ ತೆರೆದು ಕಂಪ್ಯೂಟರಿನ ಸೆಟ್ಟಿಂಗ್‌ಗಳ ಬ್ಯಾಕಪ್ಪನ್ನು ಅವರ ವಶಕ್ಕೆ ಒಪ್ಪಿಸಬೇಕು. ಯುರೋಪಿನ ಗ್ರಾಹಕ ಸಂಘಟನೆಗಳು ಗದರಿದ್ದರಿಂದ ಅಲ್ಲಿಯವರಿಗೆ ಹಣವೂ ಬೇಡ, ಬ್ಯಾಕಪ್ಪೂ ಬೇಡ, ಖಾತೆಯೊಂದಿದ್ದರೆ ಸಾಕು ಎಂದರು. ಆಳಂದಕ್ಕೂ ಆಮ್‌ಸ್ಟರ್‌ಡ್ಯಾಮಿಗೂ ಬರುವ ವೈರಸ್ ಒಂದೇ. ಗದರುವವರು ಮಾತ್ರ ನಮ್ಮಲ್ಲಿಲ್ಲ.

ಸುರಕ್ಷತೆಯ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಅಪ್‌ಡೇಟ್ ಇಲ್ಲದ ಯಂತ್ರಗಳಿಗೆ ಏನಾಗುತ್ತದೆಂಬುದನ್ನು 2017ರ ಮೇ ತಿಂಗಳಲ್ಲಿ ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ತೋರಿಸಿಕೊಟ್ಟಿದೆ. ಆದರೆ ಆಗ ಇದೇ ಕಂಪನಿ, ಮೂರು ವರ್ಷ ಹಿಂದೆ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ತುರ್ತಾಗಿ ಅಪ್‌ಡೇಟ್ ಹಂಚಿತ್ತು. ಈಗಲೂ ವಿಂಡೋಸ್ 10ರ ಅಪ್‌ಡೇಟ್‌ಗಳು ತಯಾರಾಗುತ್ತಲೇ ಇವೆ. ಹಣ ಕಟ್ಟುವ ಸಂಸ್ಥೆಗಳಿಗೆ, ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ವರ್ಷ ವರ್ಷ ಇಮ್ಮಡಿ ದರದಲ್ಲಿ, 2028ರ ಅಕ್ಟೋಬರ್‌ವರೆಗೆ ಸಿಗಲಿವೆ. ತಯಾರಾದ ಅಪ್‌ಡೇಟನ್ನು ಮನೆಯವರಿಗೂ ಶರತ್ತಿಲ್ಲದೆ ಕಳಿಸಲು ಹೊಸದಾಗಿ ಮಾಡಬೇಕಾದದ್ದು ಬಹಳವೇನಿಲ್ಲ. ಕಳಿಸುವುದಿಲ್ಲ, ಅಷ್ಟೇ. ಜಗತ್ತಿನಲ್ಲಿ 2022ರ ಒಂದೇ ವರ್ಷ 6.2 ಕೋಟಿ ಟನ್ ಇ-ತ್ಯಾಜ್ಯ ಬಿದ್ದಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಆ ರಾಶಿಗೆ ಕೆಲಸ ಮಾಡುತ್ತಿರುವ ಯಂತ್ರಗಳನ್ನೂ ಸೇರಿಸಿ ಎಂದು ನಮಗೆ ಹೇಳುವವರು ತಮ್ಮ ವಾರ್ಷಿಕ ವರದಿಯಲ್ಲಿ ಪರಿಸರದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಇದಕ್ಕೆ ನಗಲು ಈಗ ನನಗೆ ಆಗುತ್ತಿಲ್ಲ.

ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಿ ಎಂಬ ಸಲಹೆ ಒಳ್ಳೆಯದೇ. ಅದು ಪುಕ್ಕಟೆ, ಹಳೆಯ ಯಂತ್ರದಲ್ಲೂ ಓಡುತ್ತದೆ, ಯೂನಿಕೋಡ್ ಕನ್ನಡವನ್ನು ಚೆನ್ನಾಗಿಯೇ ಟೈಪು ಮಾಡಬಹುದು. ಕಷ್ಟವಿರುವುದು ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ ತಂತ್ರಾಂಶದ ಫಾಂಟುಗಳಲ್ಲಿ ಟೈಪಿಸಿಟ್ಟ ಕಡತಗಳದ್ದು. ಅವನ್ನೆಲ್ಲ ಒಂದೊಂದಾಗಿ ಪರಿವರ್ತಿಸಿ, ಕೆಟ್ಟ ಒತ್ತಕ್ಷರಗಳನ್ನು ಕೈಯಿಂದ ತಿದ್ದಬೇಕು. ಆದ್ದರಿಂದ ನನ್ನ ನಿರ್ಧಾರ ಹೀಗಿದೆ: ಬ್ಯಾಕಪ್ಪಿನ ಶರತ್ತನ್ನು ಒಪ್ಪಿ 2026ರ ಅಕ್ಟೋಬರ್‌ವರೆಗೆ ವಿಂಡೋಸ್ 10ರಲ್ಲೇ ಇರುವುದು, ಅಷ್ಟರಲ್ಲಿ ಆ ಕಡತಗಳನ್ನು ತಿದ್ದಿ ಮುಗಿಸುವುದು, ಆಮೇಲೆ ಮಿಂಟ್ ಹಾಕುವುದು. ಹೊಸ ಕಂಪ್ಯೂಟರ್ ಕೊಳ್ಳುವುದಿಲ್ಲ.