'ಮಣ್ಣು ಬೇಡ' ಎನ್ನುವವರ ಜೀವಾಮೃತ

ನಿನ್ನೆ ಕೃಷಿ ಮೇಳದ ಮಳಿಗೆಯೊಂದರಲ್ಲಿ ಬಿಳಿ ಪಿವಿಸಿ ಪೈಪುಗಳ ತೂತುಗಳಲ್ಲಿ, ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲೇ ಬೆಳೆಸುವ ಹೈಡ್ರೋಪೋನಿಕ್ಸ್ ಕ್ರಮದಲ್ಲಿ ನಳನಳಿಸುತ್ತಿದ್ದ ಲೆಟ್ಯೂಸ್ ಗಿಡಗಳ ಮೇಲೆ 'ಮಣ್ಣು ಬೇಡ, ರಾಸಾಯನಿಕ ಬೇಡ, ಜೀವಾಮೃತ ಸುರಿದರೆ ಸಾಕು' ಎಂಬ ಫಲಕವನ್ನು ಕಂಡಾಗಿನಿಂದ ನನಗೆ ಸಮಾಧಾನವಿಲ್ಲ. (ಜೀವಾಮೃತವೆಂದರೆ ಸಗಣಿ, ಗಂಜಲ ಹುದುಗಿಸಿ ಮಾಡುವ ದ್ರವ ಗೊಬ್ಬರ.) ಇಂಥದ್ದೇ ಒಂದು 'ಸಾಕು' ನಂಬಿ ನಾನು ಕೆಟ್ಟ ಕಥೆಯೊಂದಿದೆ; ಕೆಳಗಿನ ಮನೆಯವರಿಗಂತೂ ಅದು ವಾಸನೆ ಸಮೇತ ಗೊತ್ತು.

ಅಂದು ನಾನು ಕಡಲೆಕಾಯಿ ಹಿಂಡಿ ನೆನೆಸಿ, ಸೋಸಿ, ತಾರಸಿಯಲ್ಲಿನ ನನ್ನ ಇಂಥದ್ದೇ ಪೈಪು ತೋಟಕ್ಕೆ ನೀರುಣಿಸುವ ತೊಟ್ಟಿಗೆ ಸುರಿದಿದ್ದೆ. ವಾರದೊಳಗೆ ನೀರು ಲೋಳೆಗಟ್ಟಿ, ಪಂಪು ಕಟ್ಟಿಕೊಂಡು, ಪಾಲಕ್ಕಿನ ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಕೊಳೆತವು. ತಪ್ಪು ಹಿಂಡಿಯದಲ್ಲ. ಗಿಡ ಸಾರಜನಕವನ್ನು ಹೆಚ್ಚಾಗಿ ನೈಟ್ರೇಟ್ ಇಲ್ಲವೇ ಅಮೋನಿಯಂ ರೂಪದಲ್ಲಿ ಹೀರುತ್ತದೆ, ಹಿಂಡಿಯಲ್ಲಿರುವುದೋ ಪ್ರೋಟೀನು. ಅದನ್ನು ಒಡೆದು ಅಮೋನಿಯಾ ಮಾಡುವ ಬ್ಯಾಕ್ಟೀರಿಯಾ ಬೇರೆ, ಆ ಅಮೋನಿಯಾವನ್ನು ನೈಟ್ರೈಟ್ ಮಾಡುವುದು ಬೇರೆ, ಅದನ್ನು ನೈಟ್ರೇಟಿಗೆ ತರುವುದು ಮತ್ತೂ ಬೇರೆ. ಹೊಲದಲ್ಲಿ ಇವೆಲ್ಲ ಬಿಟ್ಟಿಯಾಗಿ ದುಡಿಯುತ್ತವೆ. ಪೈಪಿನಲ್ಲಾದರೆ ಅವಕ್ಕೆ ಅಂಟಿಕೊಳ್ಳಲು ಜಾಗ, ಉಸಿರಾಡಲು ಗಾಳಿ, ಸಂಖ್ಯೆ ಹೆಚ್ಚಿಸಿಕೊಳ್ಳಲು ವಾರಗಟ್ಟಲೆ ಕಾಲ, ಎಲ್ಲವನ್ನೂ ನಾವೇ ಕೊಡಬೇಕು. ಜಪಾನಿನ ಸಂಶೋಧಕರು ಇದನ್ನು ಮಾಡಿ ತೋರಿಸಿದ್ದಾರೆ: ತೊಗಟೆಯ ಕಾಂಪೋಸ್ಟನ್ನು ಹೆಪ್ಪಿನಂತೆ ನೀರಿಗೆ ಹಾಕಿ, ಗಾಳಿಯಾಡಿಸುತ್ತಾ, ಮೀನಿನ ಗೊಬ್ಬರವನ್ನು ಸ್ವಲ್ಪಸ್ವಲ್ಪವಾಗಿ ಉಣಿಸಿ, ನೈಟ್ರೇಟ್ ಕಟ್ಟಿದ ಬಳಿಕವೇ ಗಿಡ ನೆಟ್ಟರು.

ಇನ್ನು ಆ ಜೀವಾಮೃತ! ಇನ್ನೂರು ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಕೊನೆಗೆ ಬದುವಿನ ಒಂದು ಹಿಡಿ ಮಣ್ಣು. 'ಮಣ್ಣು ಬೇಡ' ಎಂಬ ಫಲಕದ ಅಡಿಯಲ್ಲಿ ಮಾರಾಟವಾಗುತ್ತಿದ್ದ ಕ್ಯಾನಿನೊಳಗೆ ಮಣ್ಣೇ ಇತ್ತು.

ನೀರು ಉಳಿಯುತ್ತದಲ್ಲ ಎನ್ನುತ್ತೀರಿ. ಉಳಿಯುತ್ತದೆ, ನಿಜ, ಆದರೆ ಅದು ನೀರನ್ನು ಸುತ್ತಿಸಿ ಮತ್ತೆ ಬಳಸುವುದರ ಫಲವೇ ಹೊರತು ಸಗಣಿಯದಲ್ಲ. ನಾನೀಗ ಕ್ಯಾಲ್ಸಿಯಂ ನೈಟ್ರೇಟ್ ಮೊದಲಾದ ಲವಣಗಳನ್ನೇ ತೂಗಿ ಹಾಕುತ್ತೇನೆ, ಅಷ್ಟೇ ನೀರು ಉಳಿಸುತ್ತೇನೆ, ಆ ಸೊಪ್ಪನ್ನು ಸಾವಯವ ಎಂದು ಯಾರಿಗೂ ಹೇಳುವುದಿಲ್ಲ. (ಅತ್ತೆಯವರಿಗೆ ಒಮ್ಮೆ ಹೇಳಿದ್ದೆ, ಒಪ್ಪಿಕೊಳ್ಳುತ್ತೇನೆ.) ಮಣ್ಣಿಲ್ಲದೆ ಬೆಳೆದದ್ದನ್ನು ಸಾವಯವ ಎನ್ನಬಹುದೇ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ: ಅಮೆರಿಕದಲ್ಲಿ ಪ್ರಮಾಣಪತ್ರ ಸಿಗುತ್ತದೆ, ಯುರೋಪಿನ ಒಕ್ಕೂಟ 2022ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಜೀವಂತ ಮಣ್ಣನ್ನೇ ಕೇಳುತ್ತದೆ.

ಗಿಡ ನೆಡುವ ಮೊದಲು ಬ್ಯಾಕ್ಟೀರಿಯಾ ಬೆಳೆಯಲು ಎಷ್ಟು ವಾರ ಬಿಡಬೇಕೆಂದು ಮಳಿಗೆಯ ಹುಡುಗನನ್ನು ಕೇಳಿದೆ. ಅವನು ಗಾಬರಿಯಾಗಿ, "ಬ್ಯಾಕ್ಟೀರಿಯಾ ಇಲ್ಲ ಸಾರ್, ನಮ್ಮದು ಪೂರ್ತಿ ಕ್ಲೀನ್" ಎಂದ.