ನೆಲದಾಳದ ಯುರೇನಿಯಂ ಮತ್ತು ನೀರಿನ ಲೆಕ್ಕ

ಚಳ್ಳಕೆರೆ ಸೀಮೆಯ ನಮ್ಮ ಹೊಲದಲ್ಲಿ ಎಂಟುನೂರು ಅಡಿ ಕೊರೆಸಿದರೂ ಬರೀ ಬೂದು ದೂಳೇ ಎದ್ದಾಗ, ಅಡಿಗಿಷ್ಟು ಎಂದು ಬೋರ್‌ವೆಲ್ ಲಾರಿಯವರಿಗೆ ಹಣ ಎಣಿಸಿಕೊಟ್ಟು, ಅಪ್ಪ ಕೇಸಿಂಗ್ ಪೈಪಿನ ಬಾಯಿಗೆ ಗೋಣಿಚೀಲ ಬಿಗಿದು ಮನೆಗೆ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಈಗ ನಾನಿರುವ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ, ಅದಕ್ಕೂ ಆಳಕ್ಕಿಳಿಯುವ ಗಣಿಯವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ನೀರಿಗೆ.

ಇಲ್ಲಿನ ಸಿಗಾರ್ ಲೇಕ್ ಯುರೇನಿಯಂ ನಿಕ್ಷೇಪ ಪತ್ತೆಯಾದದ್ದು 1981ರಲ್ಲಿ. ಅದಿರು ಸುಮಾರು 450 ಮೀಟರ್, ಅಂದರೆ ಸಾವಿರದ ಐನೂರು ಅಡಿಯಷ್ಟು ಕೆಳಗೆ, ನೀರು ತುಂಬಿದ ಮರಳುಗಲ್ಲಿನ ತಳದಲ್ಲಿದೆ. 2006ರ ಅಕ್ಟೋಬರಿನಲ್ಲಿ ಸುರಂಗದೊಳಗೆ ಬಂಡೆ ಕುಸಿದು ಗಣಿಯೇ ಮುಳುಗಿತು. ಆ ನೀರನ್ನು ಎತ್ತಿ ಹಾಕುತ್ತಿದ್ದಾಗಲೇ 2008ರಲ್ಲಿ ಮತ್ತೆ ನುಗ್ಗಿತು. ಉತ್ಪಾದನೆ ಆರಂಭವಾದದ್ದು 2014ರಲ್ಲಿ, ಖರ್ಚು 200 ಕೋಟಿ ಡಾಲರ್ ದಾಟಿದ ಮೇಲೆ. ಅಲ್ಲಿ ನೀರು ಒಳನುಗ್ಗದಂತೆ ಕೊಳವೆಗಳಲ್ಲಿ ಅತಿಶೀತಲ ಉಪ್ಪುನೀರು ಹರಿಸಿ ಬಂಡೆಯನ್ನೇ ಹೆಪ್ಪುಗಟ್ಟಿಸುತ್ತಾರೆ. ಬಳಿಕ ಅದಿರಿನ ಕೆಳಗಿನ ಸುರಂಗದಲ್ಲಿ ಯಂತ್ರ ನಿಲ್ಲಿಸಿ, ಭಾರಿ ಒತ್ತಡದ ನೀರಿನ ಧಾರೆಯಿಂದ ಅದಿರನ್ನು ಕೊಯ್ದು ಕೆಸರಿನಂತೆ ಇಳಿಸಿಕೊಳ್ಳುತ್ತಾರೆ. ಕಾರ್ಮಿಕರು ಅದಿರಿನ ಬಳಿಗೇ ಹೋಗುವುದಿಲ್ಲ. ಯುರೇನಿಯಂ ಇರುವಲ್ಲಿ ಹೊಮ್ಮುವ ರೇಡಾನ್ ಅನಿಲ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವುದರಿಂದ, ಗಾಳಿಯಾಡಿಸುವ ವ್ಯವಸ್ಥೆಗೂ ಬಿಡುವಿಲ್ಲ.

ಇಷ್ಟು ಖರ್ಚನ್ನು ಆ ಗಣಿ ತಾಳಿಕೊಳ್ಳುವುದು ಅಲ್ಲಿನ ಒಂದು ಟನ್ ಅದಿರಿನಲ್ಲಿ ನೂರು ಕಿಲೋಗೂ ಹೆಚ್ಚು ಯುರೇನಿಯಂ ಇರುವುದರಿಂದ. ಜಾರ್ಖಂಡಿನ ಜಾದೂಗುಡದಲ್ಲಿ ಆರುನೂರು ಮೀಟರಿಗಿಂತ ಕೆಳಗಿಳಿದರೂ ಟನ್ನಿಗೆ ದಕ್ಕುವುದು ಸುಮಾರು ಅರ್ಧ ಕಿಲೋ; ಉಳಿದ ಬಹುಪಾಲು ನುಣ್ಣಗೆ ಅರೆದ ತ್ಯಾಜ್ಯ, ಅದನ್ನು ತಲೆಮಾರುಗಳ ಕಾಲ ಕಾಯಬೇಕು. ಆದ್ದರಿಂದ ನಮ್ಮಲ್ಲೂ ಯುರೇನಿಯಂ ಗಣಿ ತೆರೆಯುವ ಮಾತು ಬಂದು, ಚಿತ್ರದುರ್ಗದ ಗೆಳೆಯರು "ಕೆನಡಾದವರಿಗೆ ಆದದ್ದು ನಮಗೇಕೆ ಆಗದು" ಎಂದು ಕೇಳಿದಾಗ ಹೂಂ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕೆನಡಾದವರೂ ಮೊದಲು ಎಡವಿದ್ದಾರೆ. ಇದೇ ಪ್ರಾಂತ್ಯದ ಗನ್ನಾರ್ ಯುರೇನಿಯಂ ಗಣಿ 1960ರ ದಶಕದಲ್ಲಿ ಮುಚ್ಚಿತು. ಅಲ್ಲಿ ಉಳಿದ ತ್ಯಾಜ್ಯದ ಶುದ್ಧೀಕರಣದ ಹೊರೆ ಬಿದ್ದದ್ದು ಸರ್ಕಾರದ ಬೊಕ್ಕಸದ ಮೇಲೆ. ಈಗ ಇಲ್ಲಿ ಗಣಿ ಮುಚ್ಚುವ ವೆಚ್ಚಕ್ಕೆ ಕಂಪನಿಯು ಮೊದಲೇ ಹಣದ ಖಾತರಿ ಕೊಡಬೇಕು. ಮುಚ್ಚಿಹೋದ ಇಂಗಳದಾಳದ ತಾಮ್ರದ ಗಣಿಯನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದರ ಅಗತ್ಯ ಬಿಡಿಸಿ ಹೇಳಬೇಕಾಗಿಲ್ಲ. ಯುರೇನಿಯಂ ನಿಕ್ಷೇಪವಿರುವ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಗಣಿಯ ಮಾತೆತ್ತುವ ಮುಂಚೆ ಆ ಖಾತರಿಯ ಮೊತ್ತ, ದಿನಕ್ಕೆ ಎತ್ತಬೇಕಾದ ನೀರು, ಅದನ್ನು ಬಿಡುವ ಜಾಗ, ಇಷ್ಟನ್ನೂ ಗ್ರಾಮಸಭೆಯಲ್ಲಿ ಕನ್ನಡದಲ್ಲೇ ಓದಿ ಹೇಳಬೇಕು. ಸುತ್ತಲಿನ ಪ್ರತಿ ಬಾವಿ ಮತ್ತು ಬೋರ್‌ವೆಲ್ಲಿನ ನೀರಿನ ಮಟ್ಟವನ್ನೂ ಗುಣವನ್ನೂ ಅಳೆದು, ಅದರ ಪ್ರತಿಯನ್ನು ಹೊಲದವರ ಕೈಗೆ ಕೊಟ್ಟಿರಬೇಕು.